ಕಲ್ಲಿದ್ದಲು ಒಲೆ ರಾತ್ರಿ ಆರಿಹೋಗುತ್ತಿದೆಯೇ? ಮೊದಲು ಬೂದಿ ನೋಡಿ

ಸೌದೆ ಬಿಟ್ಟು ಕಲ್ಲಿದ್ದಲಿಗೆ ಬಂದವರು ಮೊದಲ ತಿಂಗಳು ಹೇಳುವ ಮಾತು ಒಂದೇ: "ಅಗ್ಗ ಅಂತ ತಂದೆ, ಉರಿಯೋದೇ ಇಲ್ಲ." ನಾನೂ ಹೇಳಿದ್ದೆ. ಮೂರು ವಾರ ದಿನಾ ಬೆಳಗ್ಗೆ ಎದ್ದು ನೋಡಿದರೆ ಒಲೆ ತಣ್ಣಗೆ. ಒಳಗೆ ಅರ್ಧ ಬೆಂದ ಕಪ್ಪು ಕಲ್ಲುಗಳು. ಕಲ್ಲಿದ್ದಲನ್ನು ಬೈದೆ, ಒಲೆಯನ್ನು ಬೈದೆ. ತಪ್ಪು ಇದ್ದದ್ದು ನನ್ನ ಕೈಯಲ್ಲಿದ್ದ ಸಲಾಕೆಯಲ್ಲಿ. ಸೌದೆ ಒಲೆಯ ಅಭ್ಯಾಸ ನೋಡಿ, ಬೆಂಕಿ ಮಂಕಾದ ಕೂಡಲೇ ಮೇಲಿಂದ ಕೆದಕುತ್ತಿದ್ದೆ. ಕೆದಕಿ ಕೆದಕಿ ನಾನೇ ಆರಿಸುತ್ತಿದ್ದೆ.

ಸೌದೆಗೂ ಕಲ್ಲಿದ್ದಲಿಗೂ ಗಾಳಿ ಬರುವ ದಾರಿ ಬೇರೆ. ಸೌದೆ ಬೂದಿಯ ಹಾಸಿನ ಮೇಲೆ ಮಲಗಿ, ಮೇಲಿಂದ ಸಿಕ್ಕ ಗಾಳಿಯಲ್ಲೇ ಉರಿಯುತ್ತದೆ. ಕಲ್ಲಿದ್ದಲಿಗೆ ಗಾಳಿ ಕೆಳಗಿನಿಂದ ಬರಬೇಕು. ಜಾಲರಿಯ ಸಂದಿನಲ್ಲಿ ನುಗ್ಗಿ, ಕೆಂಡದ ನಡುವೆ ದಾರಿ ಮಾಡಿಕೊಂಡು ಮೇಲೇರಬೇಕು. ಹಾಗಾಗಿ ಈ ಒಲೆಯ ದೋಷಗಳಲ್ಲಿ ಮುಕ್ಕಾಲು ಪಾಲು ಗಾಳಿಯ ದೋಷಗಳೇ. ಎಲ್ಲೋ ಕಟ್ಟಿಕೊಂಡಿರುತ್ತದೆ, ಇಲ್ಲವೇ ಎಲ್ಲೋ ಸೋರುತ್ತಿರುತ್ತದೆ. ಅದನ್ನು ಹುಡುಕುವುದೇ ಇಲ್ಲಿಯ ಕೆಲಸ.

ಕೈ ಹಚ್ಚುವ ಮೊದಲು

ಇಲ್ಲಿ ಹೇಳುವುದೆಲ್ಲ ಬಾಗಿಲಿರುವ, ಚಿಮಣಿಗೆ ಸೇರಿಸಿದ ಕಬ್ಬಿಣದ ಒಲೆಗೆ ಮಾತ್ರ. ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಯಾವ ರಿಪೇರಿಯೂ ಇಲ್ಲ. ಇಡಲೇಬಾರದು. ಬೆಳಗ್ಗೆ ಏಳದೇ ಹೋಗುವ ಅಪಾಯ ಅದು.

ನಿಮ್ಮ ಒಲೆ ಕಲ್ಲಿದ್ದಲಿಗಾಗಿ ಮಾಡಿದ್ದೇ ಎಂದು ನೋಡಿಕೊಳ್ಳಿ. ಹಿಂಬದಿಯ ತಗಡಿನ ಮೇಲೋ, ಜೊತೆಗೆ ಬಂದ ಪುಸ್ತಕದಲ್ಲೋ ಬರೆದಿರುತ್ತದೆ. ಕೆಂಡದ ಕೆಳಗೆ ಅಲ್ಲಾಡಿಸುವ ಜಾಲರಿ, ಅದರ ಕೆಳಗೆ ಬೂದಿ ತಟ್ಟೆ, ಬೂದಿ ಬಾಗಿಲಲ್ಲಿ ಗಾಳಿ ಕಿಂಡಿ, ಒಳಗೆ ಬೆಂಕಿ ಇಟ್ಟಿಗೆ: ಇವು ಇಲ್ಲದಿದ್ದರೆ ಅದು ಸೌದೆ ಒಲೆ. ಅದರಲ್ಲಿ ಕಲ್ಲಿದ್ದಲು ಸರಿಯಾಗಿ ಉರಿಯುವುದಿಲ್ಲ, ಉರಿದರೆ ಒಲೆಯೇ ಹಾಳಾಗಬಹುದು. ಇದಕ್ಕೆ ಮುಂದಿನ ಯಾವ ಸಲಹೆಯೂ ನಾಟುವುದಿಲ್ಲ.

ಕೆಂಡದಿಂದ ಏಳುವ ವಿಷದ ಅನಿಲ ಕಾರ್ಬನ್ ಮಾನಾಕ್ಸೈಡ್. ಅದನ್ನು ಹಿಡಿಯುವ ಅಲಾರಂ ಇಲ್ಲದಿದ್ದರೆ ಇವತ್ತೇ ತನ್ನಿ. ಒಲೆ ಇರುವ ಕೋಣೆಗೊಂದು, ಮಲಗುವ ಕಡೆಗೊಂದು. ಹೊಗೆ ಅಲಾರಂ ಬೇರೆ, ಇದು ಬೇರೆ. ಹೊಗೆ ಅಲಾರಂಗೆ ಈ ಅನಿಲ ಗೊತ್ತೇ ಆಗುವುದಿಲ್ಲ.

ಬೂದಿ ಏನು ಹೇಳುತ್ತದೆ

ವೈದ್ಯರು ನಾಲಿಗೆ ನೋಡುವ ಹಾಗೆ ನಾನು ಮೊದಲು ಬೂದಿ ತಟ್ಟೆ ಎಳೆದು ನೋಡುತ್ತೇನೆ. ನುಣ್ಣನೆಯ ಬೂದು ಬಣ್ಣದ ಪುಡಿ, ನಡುವೆ ಹಗುರವಾದ ಬಿಳಿ ಚೂರುಗಳು ಇದ್ದರೆ ಬೆಂಕಿ ಆರೋಗ್ಯವಾಗಿದೆ. ಸ್ವಲ್ಪ ಕೆಂಪು ಅಥವಾ ಕಂದು ಛಾಯೆ ಇದ್ದರೆ ಅದು ಕಲ್ಲಿದ್ದಲಿನಲ್ಲಿದ್ದ ಕಬ್ಬಿಣದ ಅಂಶ, ತಲೆ ಕೆಡಿಸಿಕೊಳ್ಳಬೇಡಿ. ಕಪ್ಪು ತುಂಡುಗಳು ಜಾಸ್ತಿ ಇದ್ದರೆ ಜಾಲರಿಯನ್ನು ಅತಿಯಾಗಿ ಅಲ್ಲಾಡಿಸುತ್ತಿದ್ದೀರಿ, ಇಲ್ಲವೇ ಬೆಂಕಿಗೆ ಗಾಳಿ ಸಾಲುತ್ತಿಲ್ಲ. ಗಾಜಿನ ಹಾಗೆ ಕರಗಿ ಗಟ್ಟಿಯಾದ ಉಂಡೆಗಳಿದ್ದರೆ ಅದು ಕಿಟ್ಟ.

ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು. ಒಳ್ಳೆ ಆಂಥ್ರಸೈಟ್‌ನಲ್ಲಿ (ಹೊಗೆ ಕಡಿಮೆ ಇರುವ ಗಟ್ಟಿ ಜಾತಿಯ ಕಲ್ಲಿದ್ದಲು) ಬೂದಿಯ ಪಾಲು ಸಾಮಾನ್ಯವಾಗಿ ನೂರಕ್ಕೆ 5ರಿಂದ 12. ಅಂದರೆ 20 ಕಿಲೋ ಉರಿಸಿದರೆ 1ರಿಂದ ಎರಡೂವರೆ ಕಿಲೋ ಬೂದಿ. ನಿಮ್ಮ ಬಕೆಟ್ 5 ಕಿಲೋ ತೂಗಿದರೆ ಒಂದೋ ಸರಕು ಕಳಪೆ, ಒಂದೋ ಬೇಯದ ಕಲ್ಲಿದ್ದಲನ್ನು ಹೊರಗೆ ಸುರಿಯುತ್ತಿದ್ದೀರಿ. ಕಪ್ಪು ತುಂಡು ಆರಿಸಿ ನೋಡಿದರೆ ಯಾವುದೆಂದು ಅಲ್ಲೇ ಗೊತ್ತಾಗುತ್ತದೆ.

ಬೆಳಗ್ಗೆ ಹೊತ್ತಿಗೆ ಆರಿರುತ್ತದೆ

ಎಲ್ಲರಿಗೂ ಬರುವ ದೋಷ ಇದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲ ಅನುಮಾನ, ಕಲ್ಲಿದ್ದಲು ಕಡಿಮೆ ಹಾಕಿದ್ದೀರಿ. ಉಳಿತಾಯ ಮಾಡೋಣ ಎಂದು ನಾಲ್ಕು ಕಲ್ಲು ಹಾಕಿದರೆ ಅದು ಉರಿಯುವುದಿಲ್ಲ. ಒಂಟಿ ಕಲ್ಲಿದ್ದಲು ತನ್ನ ಬಿಸಿ ತಾನು ಹಿಡಿದಿಟ್ಟುಕೊಳ್ಳಲಾರದು, ಪಕ್ಕದ ಕೆಂಡದ ಶಾಖ ಬೇಕು. ರಾಶಿ ಒಂದು ಗೇಣಿನಷ್ಟಾದರೂ ಆಳ ಇರಬೇಕು, ಅಥವಾ ಬೆಂಕಿ ಇಟ್ಟಿಗೆಯ ಮೇಲಂಚಿನ ತನಕ. ಶಾಖ ಕಡಿಮೆ ಬೇಕಾದರೆ ಗಾಳಿ ಕಡಿಮೆ ಮಾಡಿ, ಕಲ್ಲಿದ್ದಲನ್ನಲ್ಲ. ಇದು ಗೊತ್ತಾದ ಮೇಲೆ ಅರ್ಧ ಜನರ ಸಮಸ್ಯೆ ಮುಗಿಯುತ್ತದೆ.

ಎರಡನೆಯದು ಕೆದಕುವುದು. ಆಂಥ್ರಸೈಟ್‌ನಲ್ಲಿ ಬೂದಿ ಕೆಳಗೆ, ಕೆಂಡ ನಡುವೆ, ಹೊಸ ಕಲ್ಲು ಮೇಲೆ ಎಂದು ಪದರ ಕಟ್ಟಿಕೊಳ್ಳುತ್ತದೆ. ಮೇಲಿಂದ ಸಲಾಕೆ ಹಾಕಿದರೆ ಬೂದಿ ಕೆಂಡದ ಸಂದಿಗೆ ಸೇರಿ ಗಾಳಿಯ ದಾರಿ ಮುಚ್ಚುತ್ತದೆ. ಬೂದಿ ತೆಗೆಯಬೇಕಾದರೆ ಕೆಳಗಿನಿಂದ, ಜಾಲರಿಯ ಹಿಡಿ ಹಿಡಿದು. ಉದ್ದುದ್ದ ಎಳೆಯಬೇಡಿ, ಚಿಕ್ಕ ಚಿಕ್ಕದಾಗಿ ಚುರುಕಾಗಿ ಅಲ್ಲಾಡಿಸಿ. ಬೂದಿ ತಟ್ಟೆಗೆ ಮೊದಲ ಕೆಂಪು ಕಿಡಿಗಳು ಬಿದ್ದ ಕೂಡಲೇ ನಿಲ್ಲಿಸಿ. ಇನ್ನೂ ಅಲ್ಲಾಡಿಸಿದರೆ ಕೆಂಡವೇ ಕೆಳಗೆ ಹೋಗುತ್ತದೆ. ಅದಕ್ಕಿಂತ ಮೊದಲೇ ನಿಲ್ಲಿಸಿದರೆ ಬೂದಿ ಉಳಿದು ಉಸಿರು ಕಟ್ಟುತ್ತದೆ. ದಿನಕ್ಕೆ ಎರಡು ಸಲ ಸಾಕು. (ಬಿಟುಮಿನಸ್ ಜಾತಿಯ ಕಲ್ಲಿದ್ದಲು ಬಿಸಿಗೆ ಅಂಟಿಕೊಂಡು ಮೇಲೆ ಹೆಪ್ಪು ಕಟ್ಟುವುದುಂಟು. ಅದನ್ನು ಮಾತ್ರ ಮೆಲ್ಲಗೆ ಒಡೆಯಬೇಕಾಗುತ್ತದೆ.)

ಮೂರನೆಯದು ಆತುರ. ರಾತ್ರಿ ನಿದ್ದೆ ಬರುವ ಹೊತ್ತಿಗೆ ಒಂದು ಬಕೆಟ್ ಸುರಿದು, ಗಾಳಿ ಕಿಂಡಿ ಮುಚ್ಚಿ ಮಲಗುತ್ತೇವೆ ಅಲ್ವಾ? ಹೊಸ ಕಲ್ಲು ಹತ್ತಿಕೊಳ್ಳುವ ಮೊದಲೇ ಗಾಳಿ ನಿಂತರೆ ಅದು ಹತ್ತುವುದೇ ಇಲ್ಲ. ಮಲಗುವುದಕ್ಕೆ ಒಂದು ಗಂಟೆ ಮುಂಚೆ ಶುರು ಮಾಡಿ. ಕೆಳಗಿನ ಗಾಳಿ ಪೂರ್ತಿ ತೆರೆದು ಬೆಂಕಿ ಕೆಂಪಗಾಗುವ ತನಕ ಬಿಡಿ. ಆಮೇಲೆ ಜಾಲರಿ ಅಲ್ಲಾಡಿಸಿ. ಕಲ್ಲಿದ್ದಲನ್ನು ಹಿಂದಕ್ಕೆ ಎತ್ತರವಾಗಿ, ಮುಂದಕ್ಕೆ ಇಳಿಜಾರಾಗಿ ಹಾಕಿ. ಮುಂದೆ ಸ್ವಲ್ಪ ಕೆಂಡ ಕಾಣುವ ಹಾಗೆ ಬಿಡಿ. ಮೇಲೆ ನೀಲಿ ಜ್ವಾಲೆ ಆಡತೊಡಗಿದ ಮೇಲೆ ಗಾಳಿಯನ್ನು ಹಂತಹಂತವಾಗಿ ಇಳಿಸಿ. ಸರಿಯಾಗಿ ಮಾಡಿದರೆ ಎಂಟು, ಹತ್ತು, ಹನ್ನೆರಡು ಗಂಟೆ ಒಲೆಯತ್ತ ತಿರುಗಿ ನೋಡಬೇಕಿಲ್ಲ.

ಇಷ್ಟಾದರೂ ಬೆಳಗ್ಗೆ ಬೆಂಕಿ ಸಾಯುವ ಸ್ಥಿತಿಯಲ್ಲಿದ್ದರೆ? ಮೊದಲು ಕೈ ಹೋಗುವುದು ಜಾಲರಿಯ ಹಿಡಿಗೆ. ಮುಟ್ಟಬೇಡಿ. ಕ್ಷೀಣಿಸಿದ ಬೆಂಕಿಯನ್ನು ಅಲ್ಲಾಡಿಸಿದರೆ ಅಲ್ಲಿಗೆ ಮುಗಿಯಿತು. ಕೆಳಗಿನ ಗಾಳಿ ತೆರೆಯಿರಿ. ಮೇಲೆ ಒಂದು ಹಿಡಿ ಸಣ್ಣ ಕಲ್ಲಿದ್ದಲು ಉದುರಿಸಿ. ಹತ್ತು ಹದಿನೈದು ನಿಮಿಷ ಸುಮ್ನೆ ಇರಿ. ಚಟಪಟ ಸದ್ದು ಕೇಳಿ, ಕೆಂಪು ಹರಡಿದ ಮೇಲೆ ಅಲ್ಲಾಡಿಸಿ. ನನಗೆ ಇದನ್ನು ಮೊದಲ ವಾರವೇ ಯಾರಾದರೂ ಹೇಳಿದ್ದರೆ ಎಷ್ಟೋ ಬೆಳಗಿನ ನಡುಕ ತಪ್ಪುತ್ತಿತ್ತು.

ಕಲ್ಲಿನ ಗಾತ್ರವನ್ನೂ ನೋಡಿ. ಪುಡಿ ಜಾಸ್ತಿ ಇದ್ದರೆ ಗಾಳಿ ನುಗ್ಗುವುದಿಲ್ಲ. ತೀರಾ ದಪ್ಪವಿದ್ದರೆ ನಡುವೆ ದೊಡ್ಡ ಸಂದು ಉಳಿದು ಗಾಳಿ ಬಳಕೆಯಾಗದೆ ಹೊರಟುಹೋಗುತ್ತದೆ. ಮೂಟೆಯ ತಳದ ಪುಡಿಯನ್ನು ಒಮ್ಮೆಲೇ ಸುರಿಯಬೇಡಿ.

ಹೊತ್ತಿಸಿದರೂ ಹತ್ತುವುದಿಲ್ಲ

ಕಾಗದ ಹಚ್ಚಿ ಅದರ ಮೇಲೆ ಕಲ್ಲಿದ್ದಲು ಸುರಿದರೆ ಹತ್ತುವುದಿಲ್ಲ. ಆಂಥ್ರಸೈಟ್ ಬಹುಪಾಲು ಬರೀ ಇಂಗಾಲ, ಬೇಗ ಹತ್ತುವ ಅನಿಲ ಅದರಲ್ಲಿ ತುಂಬ ಕಡಿಮೆ. ಪುರಳೆ, ಆಮೇಲೆ ಒಣ ಸೌದೆ, ಅದು ಬೆಂದು ದಪ್ಪ ಕೆಂಡದ ಹಾಸು, ಅದರ ಮೇಲೆ ತೆಳ್ಳಗೆ ಒಂದು ಪದರ ಕಲ್ಲಿದ್ದಲು. ಅದು ಹತ್ತಿದ ಮೇಲೆ ಇನ್ನೊಂದು ಪದರ. ಕೆಂಡದ ಮೇಲ್ಭಾಗಕ್ಕೆ ಗಾಳಿ ಬಿಡುವ ಮೇಲಿನ ಕಿಂಡಿ ಮುಚ್ಚಿ, ಕೆಳಗಿನದು ಪೂರ್ತಿ ತೆರೆದಿರಲಿ. ಗಂಟೆ ಹಿಡಿಯುತ್ತದೆ. ಅದಕ್ಕೇ ಈ ಒಲೆಯನ್ನು ದಿನಾ ಹೊತ್ತಿಸುವುದಿಲ್ಲ. ಒಮ್ಮೆ ಹೊತ್ತಿಸಿ ವಾರಗಟ್ಟಲೆ ಕಾಪಾಡುತ್ತಾರೆ.

ಹೊಗೆ ಮನೆಯೊಳಗೆ ತಿರುಗುತ್ತದೆ

ಚಿಮಣಿ ಹೊಗೆಯನ್ನು ಎಳೆದುಕೊಳ್ಳುವುದು ಬಿಸಿ ಗಾಳಿ ಹಗುರ ಎಂಬ ಒಂದೇ ಕಾರಣಕ್ಕೆ. ಚಿಮಣಿ ತಣ್ಣಗಿದ್ದರೆ ಎಳೆತ ಇಲ್ಲ. ಹೊತ್ತಿಸುವ ಮೊದಲು ಒಂದು ಊದುಬತ್ತಿ ಹಚ್ಚಿ ಒಲೆಯ ಬಾಗಿಲಲ್ಲಿ ಹಿಡಿಯಿರಿ. ಹೊಗೆ ಒಳಗೆ ಹೋದರೆ ಸರಿ. ನಿಮ್ಮ ಮುಖಕ್ಕೆ ಬಂದರೆ ಒಂದು ಹಾಳೆ ಸುತ್ತಿ ಹೊತ್ತಿಸಿ ಹೊಗೆ ಪೈಪಿನ ಬಾಯಿಗೆ ಹಿಡಿದು ಚಿಮಣಿಯನ್ನು ಬೆಚ್ಚಗೆ ಮಾಡಿ.

ಆಗಲೂ ತಿರುಗಿ ಬಂದರೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಆರಿಸಿ, ಒಲೆಯ ಪಕ್ಕದ ಕಿಟಕಿಯನ್ನು ಒಂದು ಬೆರಳಷ್ಟು ತೆರೆಯಿರಿ. ಒಡನೆ ಸರಿಹೋಯಿತೇ? ಹಾಗಾದರೆ ದೋಷ ಒಲೆಯದ್ದಲ್ಲ, ಮನೆಯದ್ದು. ಚಳಿಗೆಂದು ಎಲ್ಲ ಸಂದುಗಳನ್ನೂ ಬಿಗಿಯಾಗಿ ಮುಚ್ಚಿದ್ದೀರಿ, ಫ್ಯಾನು ಗಾಳಿಯನ್ನು ಚಿಮಣಿಯಿಂದಲೇ ಕೆಳಗೆ ಎಳೆದುಕೊಳ್ಳುತ್ತಿದೆ. ಹೊರಗಿನ ಗಾಳಿ ಬರಲು ಕಾಯಂ ಕಿಂಡಿ ಬೇಕು.

ಜೋರು ಗಾಳಿ ಬೀಸಿದ ದಿನ ಮಾತ್ರ ಹೊಗೆ ಬಂದರೆ ಚಿಮಣಿಯ ಎತ್ತರ ಸಾಲದು. ಮಾಡನ್ನು ದಾಟಿ ಕನಿಷ್ಠ 3 ಅಡಿ, ಸುತ್ತ 10 ಅಡಿಯೊಳಗೆ ಇರುವ ಯಾವುದೇ ಭಾಗಕ್ಕಿಂತ 2 ಅಡಿ ಮೇಲೆ ಎಂಬುದು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ಚಳಿ ಕಡಿಮೆಯಾದ ದಿನಗಳಲ್ಲಿ ಮಾತ್ರ ಬಂದರೆ ಒಳಗೂ ಹೊರಗೂ ಬಿಸಿಯ ವ್ಯತ್ಯಾಸ ಸಾಲುತ್ತಿಲ್ಲ. ಅಂಥ ದಿನ ಬೆಂಕಿಯನ್ನು ತೀರಾ ಸಣ್ಣದಾಗಿ ಇಡದೆ, ಆರಲು ಬಿಡುವುದೇ ವಾಸಿ. ಅಂದಾಜು ಬೇಡ ಎನ್ನುವವರು ಎಳೆತ ಅಳೆಯುವ ಮ್ಯಾನೋಮೀಟರ್ ಹಾಕಿಸಿ. ಕಲ್ಲಿದ್ದಲು ಒಲೆಗೆ ಸಾಮಾನ್ಯವಾಗಿ 10ರಿಂದ 15 ಪಾಸ್ಕಲ್ ಎಳೆತ ಬೇಕು.

ಮೊದಲು ಚೆನ್ನಾಗಿದ್ದು ಈಗ ಕೆಟ್ಟಿದ್ದರೆ ಪೈಪು ಕಟ್ಟಿದೆ. ಒಲೆ ತಣ್ಣಗಿರುವಾಗ ಪೈಪನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಖಾಲಿ ಇದ್ದಲ್ಲಿ ಟಣ್ ಎನ್ನುತ್ತದೆ, ತುಂಬಿದ್ದಲ್ಲಿ ಬದ್ ಎನ್ನುತ್ತದೆ. ಆಂಥ್ರಸೈಟ್‌ನಲ್ಲಿ ಸೌದೆಯ ಹಾಗೆ ಜಿಗುಟು ಮಸಿ ಕಟ್ಟುವುದಿಲ್ಲ, ನಿಜ. ಆದರೆ ಹಾರುಬೂದಿ ಮೊಣಕೈ ತಿರುವುಗಳಲ್ಲಿ, ಅಡ್ಡ ಪೈಪಿನಲ್ಲಿ, ಒಲೆಯೊಳಗಿನ ಅಡ್ಡತಗಡಿನ ಹಿಂದೆ ಕೂತುಬಿಡುತ್ತದೆ. "ಕಲ್ಲಿದ್ದಲಿಗೆ ಚಿಮಣಿ ಗುಡಿಸಬೇಕಿಲ್ಲ" ಎಂದು ಹೇಳುವವರ ಮಾತು ಕೇಳಬೇಡಿ. ನಾನು ಕೇಳಿದ್ದೆ. ಒಂದು ಮೊಣಕೈಯಿಂದಲೇ ಅರ್ಧ ಬಕೆಟ್ ಬೂದಿ ಸಿಕ್ಕಿತು.

ಕಪ್ಪು ಹೊಗೆ ದಟ್ಟವಾಗಿ ಹೊರಗೆ ಹೋಗುತ್ತಿದ್ದು ಅಕ್ಕಪಕ್ಕದವರು ಗೊಣಗುತ್ತಿದ್ದರೆ ನೀವು ಉರಿಸುತ್ತಿರುವುದು ಬಿಟುಮಿನಸ್ ಅಥವಾ ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1952ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಇಂಥದೇ ಹೊಗೆ ಮಂಜಿನೊಡನೆ ಬೆರೆತು ಸಾವಿರಾರು ಜನ ಸತ್ತರು. 1990ರಲ್ಲಿ ಐರ್ಲೆಂಡ್ ಸರ್ಕಾರ ಡಬ್ಲಿನ್ ನಗರದಲ್ಲಿ ಹೊಗೆಯುಗುಳುವ ಕಲ್ಲಿದ್ದಲಿನ ಮಾರಾಟ ನಿಲ್ಲಿಸಿತು. ಇಂಗ್ಲೆಂಡಿನಲ್ಲಿ 2023ರ ಮೇ ತಿಂಗಳಿಂದ ಮನೆಗೆ ಇದರ ಮಾರಾಟ ಪೂರ್ತಿ ನಿಂತಿದೆ. ನೀವಿರುವಲ್ಲಿ ನಿಯಮ ಏನಿದೆ ಎಂದು ಮೂಟೆ ತರುವ ಮೊದಲು ಕೇಳಿಕೊಳ್ಳಿ.

ಢಬ್ ಎಂದು ಸದ್ದಾಗಿ ಬಾಗಿಲು ಅದುರಿತು

ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಒಲೆಯ ಕೀಲುಗಳಿಂದ ಬೂದಿ ಚಿಮ್ಮುತ್ತದೆ, ಕೆಲವೊಮ್ಮೆ ಪೈಪಿನ ಜೋಡಣೆಯೇ ಬಿಟ್ಟುಕೊಳ್ಳುತ್ತದೆ.

ಆಗುವುದು ಇಷ್ಟು. ಕೆಳಗಿನಿಂದ ಬಂದ ಆಮ್ಲಜನಕ ಕೆಂಡಕ್ಕೆ ತಾಗಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದು ಕೆಂಪು ಕೆಂಡದ ನಡುವೆ ಮೇಲೇರುವಾಗ ಮತ್ತಷ್ಟು ಇಂಗಾಲ ಸೇರಿಸಿಕೊಂಡು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ರಾಶಿಯ ಮೇಲೆ ಬಂದ ಮೇಲೆ ಉಳಿದ ಗಾಳಿ ಸಿಕ್ಕಿ ಉರಿಯುತ್ತದೆ. ನಾವು ನೋಡುವ ನೀಲಿ ಜ್ವಾಲೆ ಅದೇ. ಈಗ ಕೆಂಡವನ್ನು ಪೂರ್ತಿ ಮುಚ್ಚುವ ಹಾಗೆ ಒಂದು ಬಕೆಟ್ ತಣ್ಣನೆ ಕಲ್ಲಿದ್ದಲು ಸುರಿದಿರಿ ಎನ್ನಿ. ಅನಿಲ ಬರುತ್ತಲೇ ಇರುತ್ತದೆ, ಹೊತ್ತಿಸಲು ಜ್ವಾಲೆ ಇಲ್ಲ. ಒಲೆ ತುಂಬಾ ಅನಿಲ ತುಂಬಿಕೊಂಡ ಮೇಲೆ ಎಲ್ಲೋ ಒಂದು ಕೆಂಡ ಇಣುಕುತ್ತದೆ. ಢಬ್!

ಪರಿಹಾರ ಮೇಲೆ ಆಗಲೇ ಬಂತು: ಒಂದು ಮೂಲೆಯಲ್ಲಿ ಕೆಂಡ ತೆರೆದಿರಲಿ. ಅದೇ ದೀಪದ ಬತ್ತಿ. ಒಮ್ಮೆಲೇ ಸುರಿಯದೆ ಎರಡು ಮೂರು ಸಲ ಹಾಕಿ. ಹಾಕಿದ ಮೇಲೆ ಮೇಲಿನ ಗಾಳಿಯನ್ನು ಕೂದಲೆಳೆಯಷ್ಟು ತೆರೆದಿಡಿ. ಬಾಗಿಲು ತೆರೆಯುವಾಗ ಮೊದಲು ಪೈಪಿನ ಡ್ಯಾಂಪರ್ (ಹೊಗೆಯ ದಾರಿಯನ್ನು ಹಿಗ್ಗಿಸುವ, ಕುಗ್ಗಿಸುವ ತಿರುಗುತಗಡು) ಪೂರ್ತಿ ತೆರೆಯಿರಿ, ಬಾಗಿಲನ್ನು ಒಂದಿಂಚು ತೆರೆದು ಕೆಲವು ಸೆಕೆಂಡು ಕಾಯಿರಿ, ಆಮೇಲೆ ಪೂರ್ತಿ. ಮುಖ ಪಕ್ಕಕ್ಕಿರಲಿ. ಢಬ್ ಆದ ದಿನ ಪೈಪಿನ ಎಲ್ಲ ಜೋಡಣೆಗಳನ್ನೂ ತಪ್ಪದೆ ಪರೀಕ್ಷಿಸಿ.

ಅಲಾರಂ ಕೂಗಿತು

ಇಲ್ಲಿ ರಿಪೇರಿಯ ಮಾತು ಆಮೇಲೆ. ಎಲ್ಲರೂ ಹೊರಗೆ ಬನ್ನಿ, ಹೊರಗಿನಿಂದ ತುರ್ತು ಸೇವೆಗೆ ಫೋನ್ ಮಾಡಿ. ಅವರು ನೋಡಿ ಹೇಳುವ ತನಕ ಒಳಗೆ ಹೋಗಬೇಡಿ. "ವಾಸನೆ ಏನೂ ಇಲ್ವಲ್ಲ" ಎಂದು ನಿಲ್ಲಬೇಡಿ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ಅಲಾರಂ ಕೂಗದಿದ್ದರೂ ಇದೇ ಎಂದು ತಿಳಿಯಿರಿ.

ಅಮೆರಿಕದ ಯುಎಲ್ 2034 ಮಾನದಂಡದ ಅಲಾರಂಗಳು 70 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ 70 ಪಾಲು) 1ರಿಂದ 4 ಗಂಟೆಯೊಳಗೆ, 400 ಪಿಪಿಎಂಗೆ 4ರಿಂದ 15 ನಿಮಿಷದೊಳಗೆ ಕೂಗುತ್ತವೆ. ಹಾಗಾಗಿ ಕಾರಣ ಹುಡುಕುವಾಗ ಹೊತ್ತು ನೆನಪು ಮಾಡಿಕೊಳ್ಳಿ. ಕಲ್ಲಿದ್ದಲು ಹಾಕಿ ಕೆಲವೇ ನಿಮಿಷಕ್ಕೆ ಕೂಗಿದರೆ ದೊಡ್ಡ ಸೋರಿಕೆ, ಪೈಪು ಬಿಟ್ಟುಕೊಂಡಿರಬಹುದು. ನಡುರಾತ್ರಿ ಕೂಗಿದರೆ ಬೆಂಕಿ ಸಣ್ಣದಾಗಿ ಎಳೆತ ನಿಂತಿರಬಹುದು. ನನ್ನ ಮನೆಯಲ್ಲಿ ಕೂಗಿದ್ದು ಎರಡನೆಯ ಕಾರಣಕ್ಕೆ, ಅದೇ ಮೊಣಕೈ ಬೂದಿಯಿಂದ. ಪೈಪಿನ ಡ್ಯಾಂಪರ್ ಅನ್ನು ಎಂದೂ ಪೂರ್ತಿ ಮುಚ್ಚಬೇಡಿ. ಒಲೆಯ ಹತ್ತಿರ ಬೆಂಕಿಕಡ್ಡಿ ಗೀರಿದ ಹಾಗೆ ಗಂಧಕದ ವಾಸನೆ ಬಂದರೂ ಚಿಮಣಿಗೆ ಹೋಗಬೇಕಾದ್ದು ಕೋಣೆಗೆ ಬರುತ್ತಿದೆ ಎಂದೇ ಅರ್ಥ.

ಒಲೆ ಕೆಂಪಾಗುತ್ತಿದೆ

ಕೆಳಗಿನ ಗಾಳಿ ಮುಚ್ಚಿ, ಬೂದಿ ಬಾಗಿಲು ಭದ್ರ ಮಾಡಿ, ಪೈಪಿನ ಡ್ಯಾಂಪರ್ ಹಾಗೇ ಬಿಡಿ. ನೀರು ಎರಚಬೇಡಿ. ಎರಕದ ಕಬ್ಬಿಣ ಬಿರಿಯುತ್ತದೆ, ಹಬೆ ಮುಖಕ್ಕೆ ಹೊಡೆಯುತ್ತದೆ.

ಕಾರಣ ಬಹುತೇಕ ಬೂದಿ ಬಾಗಿಲೇ. ಬೇಗ ಹತ್ತಲಿ ಎಂದು ತೆರೆದಿಟ್ಟು ಫೋನ್ ನೋಡುತ್ತಾ ಮರೆಯುವುದು ಒಂದು, ಬಾಗಿಲ ಸುತ್ತಲಿನ ಗ್ಯಾಸ್ಕೆಟ್ ಹಗ್ಗ ಸವೆದಿರುವುದು ಇನ್ನೊಂದು. ತಣ್ಣಗಿರುವಾಗ ಒಂದು ಕಾಗದದ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆದು ನೋಡಿ. ಸುಲಭವಾಗಿ ಜಾರಿ ಬಂದರೆ ಹಗ್ಗ ಬದಲಿಸಿ. ನಾಲ್ಕೂ ಕಡೆ ಪರೀಕ್ಷಿಸಿ.

ಜಾಲರಿ ಬಾಗಿದ್ದರೆ ಬೂದಿ ತಟ್ಟೆ ತುಂಬಲು ಬಿಟ್ಟಿದ್ದೀರಿ. ಜಾಲರಿಯನ್ನು ತಣ್ಣಗಿಡುವುದು ಕೆಳಗಿನಿಂದ ಬರುವ ಗಾಳಿ. ಬೂದಿ ಜಾಲರಿಗೆ ತಾಗಿದರೆ ಗಾಳಿ ನಿಂತು ಕಬ್ಬಿಣ ಮೆತ್ತಗಾಗಿ ಬಾಗುತ್ತದೆ. ಬದಲಿಸುವುದೊಂದೇ ದಾರಿ.

ಕಿಟ್ಟ ಕಟ್ಟುತ್ತಿದೆ

ಬೂದಿ ಕರಗುವಷ್ಟು ಬಿಸಿ ಆಗುತ್ತಿದೆ, ಅಥವಾ ಬೇಗ ಕರಗುವ ಬೂದಿಯ ಕಲ್ಲಿದ್ದಲು ಸಿಕ್ಕಿದೆ. ಗಾಳಿ ತಗ್ಗಿಸಿ, ಕೆದಕುವುದು ಬಿಡಿ. ಆಗಲೂ ಕಟ್ಟಿದರೆ ಬೇರೆ ಕಡೆಯ ಸರಕು ತಂದು ನೋಡಿ.

ಎಲ್ಲ ಸರಿ, ಆದರೆ ದುಡ್ಡು ಉಳಿಯುತ್ತಿಲ್ಲ

ಇದನ್ನೂ ದೋಷ ಎಂದೇ ಹಿಡಿಯಿರಿ. ಅಗ್ಗ ಎಂದೇ ತಾನೇ ಕಲ್ಲಿದ್ದಲಿಗೆ ಬಂದದ್ದು?

ಒಂದು ಕಿಲೋ ಒಳ್ಳೆ ಆಂಥ್ರಸೈಟ್‌ನಲ್ಲಿ ಸುಮಾರು 30 ಮೆಗಾಜೂಲ್ ಶಾಖ ಇದೆ, ಒಣ ಸೌದೆಯಲ್ಲಿ ಸುಮಾರು 15. ವಿದ್ಯುತ್ತಿನ ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್. ಒಲೆ ನೂರಕ್ಕೆ 70ರಷ್ಟು ಶಾಖವನ್ನು ಮನೆಗೆ ಕೊಟ್ಟರೆ, ಒಂದು ಕಿಲೋ ಕಲ್ಲಿದ್ದಲು ಸುಮಾರು 5.8 ಯೂನಿಟ್, ಸೌದೆ ಸುಮಾರು 2.9. ಕಿಲೋ ಬೆಲೆಯನ್ನು ಈ ಅಂಕಿಯಿಂದ ಭಾಗಿಸಿ, ನಿಮ್ಮ ಕರೆಂಟಿನ ಯೂನಿಟ್ ದರದ ಪಕ್ಕ ಇಡಿ. ಸಾದಾ ಹೀಟರ್ ಒಂದಕ್ಕೆ ಒಂದು ಕೊಡುತ್ತದೆ, ಹೊರಗಿನ ಶಾಖವನ್ನು ಒಳಗೆ ಎಳೆದು ತರುವ ಹೀಟ್ ಪಂಪ್ ಒಂದಕ್ಕೆ ಮೂರರ ಆಸುಪಾಸು. ಹೀಟ್ ಪಂಪ್ ಇದ್ದವರಿಗೆ ಕಲ್ಲಿದ್ದಲು ಗೆಲ್ಲದೇ ಹೋಗಬಹುದು. ಆಗ ಒಲೆ ರಿಪೇರಿ ಮಾಡಿ ಪ್ರಯೋಜನವಿಲ್ಲ.

ಲೆಕ್ಕದಲ್ಲಿ ಅಗ್ಗ, ಕೈಯಲ್ಲಿ ದುಬಾರಿ ಎಂದಾದರೆ ಬಕೆಟ್ ತೂಗಿ ನೋಡಿ, ಬೇಯದ ಕಪ್ಪು ಬೂದಿಯಲ್ಲಿ ಹೋಗುತ್ತಿರಬಹುದು. ಅಲ್ಲಿಲ್ಲದಿದ್ದರೆ ಚಿಮಣಿಯಲ್ಲಿ ಹೋಗುತ್ತಿದೆ. ಎಳೆತ ಅತಿಯಾದರೆ ಒಲೆಯ ಶಾಖವೆಲ್ಲ ಮೇಲಕ್ಕೆ ಓಡುತ್ತದೆ. ಪೈಪಿಗೆ ತೂಗು ಡ್ಯಾಂಪರ್ ಹಾಕಿಸಿದರೆ ಅದು ತಾನಾಗೇ ಎಳೆತವನ್ನು ಹಿಡಿತದಲ್ಲಿಡುತ್ತದೆ.

ಚಳಿ ಮುಗಿದ ಮೇಲೆ

ಬೂದಿ ಮುಚ್ಚಿದ ಕೆಂಡ ಎನ್ನುತ್ತಾರಲ್ಲ, ಕಲ್ಲಿದ್ದಲಿನ ಬೂದಿಯಲ್ಲಿ ಅದು ಅಕ್ಷರಶಃ ನಿಜ. ದಿನಗಟ್ಟಲೆ ಒಳಗೆ ಬಿಸಿ ಇರುತ್ತದೆ. ಮುಚ್ಚಳವಿರುವ ಲೋಹದ ಬಕೆಟ್‌ನಲ್ಲಿ ತುಂಬಿ ಮನೆಯ ಹೊರಗೆ, ಮರದ ಹಲಗೆಯಿಂದ ದೂರ ಇಡಿ. ಸೌದೆ ಬೂದಿಯ ಹಾಗೆ ತರಕಾರಿ ಪಾತಿಗೆ ಹಾಕಬೇಡಿ, ಆರ್ಸೆನಿಕ್‌ನಂಥ ವಿಷದ ಅಂಶಗಳು ಅದರಲ್ಲಿರಬಹುದು.

ಕೊನೆಯ ಬೆಂಕಿ ಆರಿದ ವಾರದಲ್ಲೇ ಪೈಪು ಬಿಚ್ಚಿ ಗುಡಿಸಿ. ಮುಂದಿನ ಚಳಿಗಾಲಕ್ಕೆ ನೋಡೋಣ ಎಂದು ಬಿಟ್ಟರೆ ಹಾರುಬೂದಿಯಲ್ಲಿನ ಗಂಧಕ ಗಾಳಿಯ ತೇವ ಹೀರಿ ಆಮ್ಲವಾಗುತ್ತದೆ, ಕಬ್ಬಿಣವನ್ನು ತಿನ್ನುತ್ತದೆ. ಪೈಪು ಹೊರಗಿನಿಂದ ಕರ್ರಗೆ ಹೊಸದರ ಹಾಗೇ ಕಾಣುತ್ತದೆ. ತಿರುವುಗಳ ತಳಭಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ. ಒಳಕ್ಕೆ ತಗ್ಗಿದರೆ ಆ ತುಂಡನ್ನು ಈಗಲೇ ಬದಲಿಸಿ.